ಹಣೆಬರಹವೂ ಅಲ್ಲ, ಎಲ್ಲವೂ ನಿನ್ನ ಕೈಯಲ್ಲೂ ಇಲ್ಲ



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಇಂದಿನ ಚಿಂತನೆ ಎಂದಿಗಿಂತ ಉದ್ದ ಇದೆ. ಬೆಳಿಗ್ಗೆ ಕೆಲಸದ ಗಡಿಬಿಡಿ ಇದ್ದರೆ ರಾತ್ರಿ ಊಟ ಆದ ಮೇಲೆ ಓದಿ. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಅವರಿಗೂ ಓದಿ ಹೇಳಿ.

ಕಳೆದ ಭಾನುವಾರ ವಂದನೆ ಮುಗಿಸಿ ಚಹಾ ಕುಡಿಯುತ್ತಿದ್ದಾಗ ಹೊಸನಗರದ ಕಡೆಯಿಂದ ಬಂದಿದ್ದ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದರು. ಅಡಿಕೆ ಸುಲಿಯುವ ಕೂಲಿಯಲ್ಲಿ ಮಗನನ್ನು ಡಿಪ್ಲೊಮಾ ಓದಿಸಿದವರು ಅವರು. ಮಗ ಮೂರು ಕಡೆ ಕೆಲಸದ ಸಂದರ್ಶನಕ್ಕೆ ಹೋಗಿ ಬಂದಿದ್ದಾನೆ. ಮೂರನೆಯ ಕಡೆ ಅವನ ಅಂಕಪಟ್ಟಿಗಿಂತ ಹೆಚ್ಚು ಹೊತ್ತು ಅವನ ಊರು, ಕೇರಿ, ತಂದೆಯ ಕಸುಬಿನ ಬಗ್ಗೆ ವಿಚಾರಿಸಿದರಂತೆ. ಕೆಲಸ ಸಿಗಲಿಲ್ಲ. ಎರಡು ತಿಂಗಳಿಂದ ಹುಡುಗ ಮನೆಯ ಹೊಸ್ತಿಲು ದಾಟುತ್ತಿಲ್ಲ. ಕರೆದರೆ ಮಾತಿಲ್ಲ, ಊಟ ಇಟ್ಟರೆ ಅರ್ಧ ಬಿಡುತ್ತಾನೆ.

ಆ ತಾಯಿ ಹೇಳಿದ್ದು ಇಷ್ಟು: "ಪಕ್ಕದ ಮನೆಯವರು ಹೇಳ್ತಾರೆ, ಹಿಂದಿನ ಜನ್ಮದ ಕರ್ಮ, ಅನುಭವಿಸಿ ತೀರಿಸಬೇಕು ಅಂತ. ಮಗ ಮೊಬೈಲಲ್ಲಿ ಒಬ್ಬ ಭಾಷಣಕಾರನನ್ನು ಕೇಳ್ತಾನೆ. ಆತ ಹೇಳ್ತಾನೆ, ನಿನ್ನ ಸೋಲಿಗೆ ನೀನೇ ಕಾರಣ, ಗೆಲುವಿಗೂ ನೀನೇ ಕಾರಣ, ಎಲ್ಲ ನಿನ್ನ ಕೈಯಲ್ಲೇ ಇದೆ ಅಂತ. ಇವೆರಡರಲ್ಲಿ ನಮ್ಮ ಧಮ್ಮ ಯಾವುದನ್ನು ಒಪ್ಪುತ್ತೆ?"

ಅಂದು ನಾವು ಆತುರದಲ್ಲಿ ಕೊಟ್ಟ ಉತ್ತರ, ಎರಡನೆಯದು ವಾಸಿ, ಬುದ್ಧರೂ ಸ್ವಪ್ರಯತ್ನವನ್ನೇ ಹೇಳಿದ್ದಾರೆ ಎಂದು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಉತ್ತರ ಸರಿಯಿಲ್ಲ ಅನ್ನಿಸಿತು. ಯೋಚಿಸಿ ನೋಡಿ. ಪಕ್ಕದ ಮನೆಯವರು ಹಿಂದಿನ ಜನ್ಮದ ಹುಡುಗನನ್ನು ದೂರುತ್ತಾರೆ. ಭಾಷಣಕಾರ ಈ ಜನ್ಮದ ಹುಡುಗನನ್ನು ದೂರುತ್ತಾನೆ. ಸಂದರ್ಶನದ ಮೇಜಿನ ಆಚೆ ಕುಳಿತು ಅವನ ಕೇರಿಯನ್ನು ವಿಚಾರಿಸಿದವರನ್ನು ಇಬ್ಬರೂ ಏನೂ ಕೇಳುವುದಿಲ್ಲ. ಹಾಗಾಗಿ ಈ ಎರಡು ಮಾತುಗಳು ಒಂದಕ್ಕೊಂದು ಎದುರಾಳಿಗಳಲ್ಲ, ಅಣ್ಣತಮ್ಮಂದಿರು.

ಆ ತಾಯಿಗೆ ನಾವು ಕೊಡಬೇಕಾಗಿದ್ದ ಉತ್ತರವನ್ನು ಇಂದು ಹುಡುಕೋಣ.

*ಬುದ್ಧರು ಏನು ಹೇಳಿದರು*

ಅಂಗುತ್ತರ ನಿಕಾಯದ ತಿಕನಿಪಾತದಲ್ಲಿ ತಿತ್ಥ ಸುತ್ತ ಎಂಬ ಒಂದು ಉಪದೇಶವಿದೆ. ಅದರಲ್ಲಿ ಬುದ್ಧರು ತಮ್ಮ ಕಾಲದ ಮೂರು ವಾದಗಳನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸುತ್ತಾರೆ. ಮನುಷ್ಯನ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದ ಎನ್ನುವುದು ಒಂದು. ಎಲ್ಲ ಈಶ್ವರನ ಸೃಷ್ಟಿ ಎನ್ನುವುದು ಇನ್ನೊಂದು. ಯಾವುದಕ್ಕೂ ಕಾರಣವೇ ಇಲ್ಲ ಎನ್ನುವುದು ಮೂರನೆಯದು. ಮೂರನ್ನೂ ಬುದ್ಧರು ಒಂದೇ ಕಾರಣಕ್ಕೆ ತಳ್ಳಿಹಾಕುತ್ತಾರೆ. ಎಲ್ಲವೂ ಹಿಂದಿನದರಿಂದಲೇ ನಿಶ್ಚಯವಾಗಿದ್ದರೆ ಕೊಲೆಗಾರನೂ ಹಿಂದಿನದರಿಂದಲೇ ಕೊಲೆಗಾರ. ಆಗ ಇದು ಮಾಡತಕ್ಕದ್ದು, ಇದು ಮಾಡಬಾರದ್ದು ಎಂಬ ಮಾತಿಗೆ ಅರ್ಥವಿಲ್ಲ. ಪ್ರಯತ್ನಕ್ಕೂ ಜಾಗವಿಲ್ಲ.

ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಬಂದು ಇದೇ ಪ್ರಶ್ನೆ ಕೇಳುತ್ತಾನೆ. ಬುದ್ಧರು ಅವನಿಗೆ ನೋವಿನ ಎಂಟು ಕಾರಣಗಳನ್ನು ಎಣಿಸಿ ಹೇಳುತ್ತಾರೆ. ಪಿತ್ತ, ಕಫ, ವಾತ, ಈ ಮೂರೂ ಸೇರಿದ್ದು, ಋತು ಬದಲಾದದ್ದು, ದೇಹವನ್ನು ಸರಿಯಾಗಿ ನೋಡಿಕೊಳ್ಳದೆ ಇದ್ದದ್ದು, ಬೇರೆಯವರ ಹಲ್ಲೆ, ಕೊನೆಗೆ ಕರ್ಮಫಲ. ಎಂಟರಲ್ಲಿ ಕರ್ಮ ಒಂದು ಮಾತ್ರ. ಬೇರೆಯವರ ಹಲ್ಲೆ ಎಂಬುದನ್ನು ಬುದ್ಧರು ಪ್ರತ್ಯೇಕವಾಗಿ ಎಣಿಸಿದ್ದಾರೆ ಎಂಬುದನ್ನು ಗಮನಿಸಿ. ಒಬ್ಬ ನಿನಗೆ ಹೊಡೆದರೆ ನೋವು ಹೊಡೆತದಿಂದ ಬಂತು. ಅದನ್ನು ನಿನ್ನ ಪಾಪದ ಲೆಕ್ಕಕ್ಕೆ ಬರೆಯಬೇಕಿಲ್ಲ.

ಬಾಬಾಸಾಹೇಬರು ಜೀವನದ ಕೊನೆಯ ದಿನಗಳವರೆಗೂ ತಿದ್ದಿ ಬರೆದ, 1957ರಲ್ಲಿ ಪ್ರಕಟವಾದ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಕರ್ಮದ ಪ್ರಶ್ನೆಗೆ ಅಷ್ಟು ಜಾಗ ಕೊಟ್ಟದ್ದು ಇದಕ್ಕಾಗಿಯೇ. ಬಡವನ ಬಡತನಕ್ಕೆ ಅವನ ಹಿಂದಿನ ಜನ್ಮ ಕಾರಣ ಎಂದುಬಿಟ್ಟರೆ ಸಮಾಜಕ್ಕೂ ರಾಜ್ಯಕ್ಕೂ ಯಾವ ಹೊಣೆಯೂ ಉಳಿಯುವುದಿಲ್ಲ. ಅಂಥ ಬೋಧನೆಯನ್ನು ಮಹಾಕಾರುಣಿಕ ಬುದ್ಧರ ಬಾಯಲ್ಲಿ ಇಡಲಾಗದು ಎಂಬುದು ಅವರ ವಾದ.

ಇಲ್ಲಿಗೆ ಪಕ್ಕದ ಮನೆಯವರಿಗೆ ಉತ್ತರ ಸಿಕ್ಕಿತು. ಭಾಷಣಕಾರನಿಗೆ ಉತ್ತರ ಹುಡುಕಲು ಸ್ವಲ್ಪ ದೂರ ಹೋಗಬೇಕು.

*ತಡೆಗೋಡೆಯ ಮುಂದೆ ಮಲಗಿದ ನಾಯಿಗಳು*

ಕಷ್ಟದ ಎದುರು ಕೆಲವರು ಕೈಚೆಲ್ಲುತ್ತಾರೆ, ಕೆಲವರು ಎದ್ದು ನಿಲ್ಲುತ್ತಾರೆ. ಯಾಕೆ ಎಂದು ಮನೋವಿಜ್ಞಾನಿಗಳು ಬಹಳ ಕಾಲದಿಂದ ಹುಡುಕುತ್ತಿದ್ದಾರೆ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಒಂದು ಪ್ರಯೋಗ ಪ್ರಕಟಿಸಿದರು. ನಾಯಿಗಳ ಮೇಲೆ ಮಾಡಿದ ಕ್ರೂರ ಪ್ರಯೋಗ ಅದು. ಮೊದಲ ಶೀಲವನ್ನು ಪಾಲಿಸುವ ನಮಗೆ ಅದನ್ನು ಓದುವುದೂ ಕಷ್ಟ. ಆದರೆ ಅದರಿಂದ ತಿಳಿದ ವಿಷಯ ನಮಗೆ ಬೇಕಾದದ್ದು.

ಕೆಲವು ನಾಯಿಗಳಿಗೆ ವಿದ್ಯುತ್ ಶಾಕ್ ಕೊಟ್ಟರು. ತಲೆಯಿಂದ ಪಕ್ಕದ ಹಲಗೆ ಒತ್ತಿದರೆ ಶಾಕ್ ನಿಲ್ಲುತ್ತಿತ್ತು. ಇನ್ನು ಕೆಲವಕ್ಕೆ ಅಷ್ಟೇ ಶಾಕ್, ಆದರೆ ಅವು ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಬಿಟ್ಟರು. ನಡುವೆ ಇದ್ದ ತಡೆಗೋಡೆಯನ್ನು ಹಾರಿದರೆ ಪಾರಾಗಬಹುದಿತ್ತು. ಮೊದಲ ಗುಂಪಿನವು ಹಾರಿದವು. ಎರಡನೆಯ ಗುಂಪಿನಲ್ಲಿ ಹೆಚ್ಚಿನವು ಹಾರಲಿಲ್ಲ. ಶಾಕ್ ತಿನ್ನುತ್ತಾ ಅಲ್ಲೇ ಮಲಗಿದವು. ಎರಡು ಗುಂಪೂ ತಿಂದ ನೋವು ಒಂದೇ. ಬೇರೆಯಾದದ್ದು, ತನ್ನ ಕೈಯಲ್ಲಿ ಏನಾದರೂ ಇತ್ತೇ ಇಲ್ಲವೇ ಎಂಬ ಅನುಭವ. ಇದಕ್ಕೆ ಅವರು ಕಲಿತ ಅಸಹಾಯಕತೆ ಎಂದು ಹೆಸರಿಟ್ಟರು.

ಮಲಗಿದ ನಾಯಿಗಳನ್ನು ಎಬ್ಬಿಸುವುದು ಹೇಗೆ? ಅದನ್ನೂ ಪ್ರಯತ್ನಿಸಿದರು. ಕರೆದರೆ ಬರಲಿಲ್ಲ. ತಿಂಡಿ ತೋರಿಸಿದರೂ ಬರಲಿಲ್ಲ. ಹಗ್ಗ ಕಟ್ಟಿ ಮತ್ತೆ ಮತ್ತೆ ಗೋಡೆ ದಾಟಿಸಿದಾಗ ಮಾತ್ರ, ದಾಟಿದರೆ ಶಾಕ್ ನಿಲ್ಲುತ್ತದೆ ಎಂಬುದು ಅವುಗಳ ಕಾಲಿಗೆ ಗೊತ್ತಾಯಿತು. ಆಮೇಲೆ ತಾವೇ ದಾಟಿದವು.

ಸುಮಾರು 50 ವರ್ಷದ ನಂತರ, 2016ರಲ್ಲಿ, ಅದೇ ಇಬ್ಬರು ವಿಜ್ಞಾನಿಗಳು ತಮ್ಮ ಸಿದ್ಧಾಂತವನ್ನು ತಾವೇ ತಿದ್ದಿದರು. ಮಿದುಳಿನ ಅಧ್ಯಯನಗಳಿಂದ ಅವರಿಗೆ ತಿಳಿದದ್ದು ಇದು: ಅಸಹಾಯಕತೆಯನ್ನು ಯಾರೂ ಕಲಿಯುವುದಿಲ್ಲ. ದೀರ್ಘಕಾಲ ನೋವು ಬಿದ್ದಾಗ ಸುಮ್ಮನೆ ಕುಸಿಯುವುದು ಜೀವಿಯ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು, ನನ್ನ ಕೈಯಲ್ಲಿ ಸ್ವಲ್ಪ ಇದೆ ಎಂಬುದನ್ನು. ಅದನ್ನು ಕಲಿತ ಮಿದುಳಿನ ಮುಂಭಾಗ ಆ ಕುಸಿತವನ್ನು ತಡೆಯುತ್ತದೆ.

ಆ ಹುಡುಗನ ವಿಷಯಕ್ಕೆ ಇದು ಬಹಳ ಮುಖ್ಯ. ಅವನು ಕೋಣೆಯಲ್ಲಿ ಮಲಗಿರುವುದು ಸೋಮಾರಿತನದಿಂದಲ್ಲ, ಅವನ ಮನಸ್ಸು ದುರ್ಬಲ ಎಂದೂ ಅಲ್ಲ. ಮೂರು ಸಲ ಏನು ಮಾಡಿದರೂ ನಿಲ್ಲದ ಏಟು ತಿಂದ ಯಾವ ಜೀವಿಯೂ ಹಾಗೇ ಮಾಡುತ್ತದೆ. ಅವನನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಭಾಷಣ ಕೇಳಿಸುವುದರಿಂದಲೂ ಇಲ್ಲ. ಅದು ದೂರದಿಂದ ತಿಂಡಿ ತೋರಿಸಿದಂತೆ.

*ಚೌದಾರ್ ಕೆರೆಯ ನೀರು*

ನಾಯಿಗಳ ಮಾತು ಬಂದಾಗ ನಮ್ಮ ಮನಸ್ಸಿಗೆ ಮಹಾಡ್ ನೆನಪಾಗದೆ ಇರದು. ಅಲ್ಲಿಯ ಚೌದಾರ್ ಕೆರೆಯ ನೀರನ್ನು ನಾಯಿ ಕುಡಿಯಬಹುದಿತ್ತು, ದನ ಕುಡಿಯಬಹುದಿತ್ತು, ನಮ್ಮವರು ಕುಡಿಯುವಂತಿರಲಿಲ್ಲ. ಆ ಊರಿನ ಪುರಸಭೆ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ನಿರ್ಣಯ ಮಾಡಿತ್ತು. ಕಾಗದದ ಮೇಲೆ ಗೋಡೆ ಬಿದ್ದಿತ್ತು. ಆದರೂ ಯಾರೂ ದಾಟಿರಲಿಲ್ಲ, ದಾಟಿದರೆ ಏನಾಗುತ್ತದೆ ಎಂದು ತಲೆತಲಾಂತರದ ಏಟು ಹೇಳಿಕೊಟ್ಟಿತ್ತು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಿ ಆ ನೀರನ್ನು ಮುಟ್ಟಿ ಕುಡಿದರು. ಯಾರನ್ನೂ ಹಗ್ಗ ಕಟ್ಟಿ ಎಳೆಯಲಿಲ್ಲ. ಪ್ರಯೋಗದ ನಾಯಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಅದು. ಜನ ತಾವೇ ನಡೆದರು. ಆದರೆ ಒಬ್ಬೊಬ್ಬರೇ ನಡೆಯಲಿಲ್ಲ, ಮುಂದೆ ಒಬ್ಬರಿದ್ದರು, ಅಕ್ಕಪಕ್ಕ ಸಾವಿರ ಜನರಿದ್ದರು. ಆ ದಿನವೇ ಅವರ ಮೇಲೆ ಹಲ್ಲೆಯಾಯಿತು. ಕೆರೆಯನ್ನು ಶುದ್ಧಿ ಮಾಡಿದರು. ಮೊಕದ್ದಮೆ ನಡೆದು ಬಾಂಬೆ ಹೈಕೋರ್ಟಿನ ತೀರ್ಪು ನಮ್ಮ ಪರವಾಗಿ ಬಂದದ್ದು 1937ರಲ್ಲಿ. ಹತ್ತು ವರ್ಷ. ನೀರು ಹತ್ತು ವರ್ಷದ ಮೇಲೆ ದಕ್ಕಿತು, ದಾಟಬಹುದು ಎಂಬುದು ಮೊದಲ ದಿನವೇ ಕಾಲಿಗೆ ಗೊತ್ತಾಯಿತು.

*ಎರಡು ಪ್ರಶ್ನೆಗಳನ್ನು ಬೆರೆಸಬಾರದು*

ಈಗ ಭಾಷಣಕಾರನ ಮಾತಿಗೆ ಬರೋಣ. ಎಲ್ಲ ನಿನ್ನ ಕೈಯಲ್ಲೇ ಇದೆ ಎಂಬ ಮಾತಿಗೂ ಒಂದು ಮನೋವಿಜ್ಞಾನದ ಹಿನ್ನೆಲೆ ಇದೆ. 1966ರಲ್ಲಿ ಜೂಲಿಯನ್ ರಾಟರ್ ಎಂಬವರು ಜನರನ್ನು ಅಳೆಯಲು ಒಂದು ಪ್ರಶ್ನಾವಳಿ ಪ್ರಕಟಿಸಿದರು. ನನ್ನ ಬದುಕಿನ ಹಿಡಿತ ನನ್ನೊಳಗಿದೆ ಎನ್ನುವವರು ಒಂದು ಕಡೆ, ಅದೃಷ್ಟ ಅಥವಾ ಬಲಾಢ್ಯರ ಕೈಯಲ್ಲಿದೆ ಎನ್ನುವವರು ಇನ್ನೊಂದು ಕಡೆ. ಹಿಡಿತ ಒಳಗಿದೆ ಎನ್ನುವವರು ಹೆಚ್ಚು ಪ್ರಯತ್ನಶೀಲರು ಎಂಬ ಅಭಿಪ್ರಾಯ ಬೆಳೆಯಿತು. ಇಂದಿನ ಎಷ್ಟೋ ವ್ಯಕ್ತಿತ್ವ ವಿಕಸನ ಶಿಬಿರಗಳ ಬೇರು ಅಲ್ಲಿದೆ.

ಆದರೆ ಮೂರು ವರ್ಷದೊಳಗೆ, 1969ರಲ್ಲಿ, ಪೆಟ್ರೀಷಿಯಾ ಗುರಿನ್ ಮತ್ತು ಸಂಗಡಿಗರು ದಕ್ಷಿಣ ಅಮೆರಿಕದಲ್ಲಲ್ಲ, ಅಮೆರಿಕ ದೇಶದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ವಿದ್ಯಾರ್ಥಿಗಳು ಓದುವ ಕಾಲೇಜುಗಳ ಅಧ್ಯಯನ ಮಾಡಿ ಒಂದು ತಪ್ಪನ್ನು ತೋರಿಸಿದರು. ಆ ಪ್ರಶ್ನಾವಳಿ ಎರಡು ಬೇರೆ ಪ್ರಶ್ನೆಗಳನ್ನು ಒಂದೇ ತಕ್ಕಡಿಗೆ ಹಾಕಿತ್ತು. ನನಗೆ ಸಾಮರ್ಥ್ಯ ಇದೆಯೇ, ನನ್ನ ಕೆಲಸದಿಂದ ಏನಾದರೂ ಆಗುತ್ತದೆಯೇ ಎಂಬುದು ಒಂದು. ನಮ್ಮ ಜನ ಹಿಂದುಳಿದದ್ದಕ್ಕೆ ಕಾರಣ ನಮ್ಮ ದೋಷವೇ, ಅಥವಾ ವ್ಯವಸ್ಥೆಯ ಅನ್ಯಾಯವೇ ಎಂಬುದು ಇನ್ನೊಂದು. ಬಿಳಿಯರ ಮಕ್ಕಳಿಗೆ ಇವೆರಡೂ ಒಂದೇ ಆಗಿ ಕಾಣಬಹುದು. ಕಪ್ಪು ಜನರ ಮಕ್ಕಳಿಗೆ ಒಂದೇ ಅಲ್ಲ. ದೋಷ ವ್ಯವಸ್ಥೆಯದು ಎಂದು ಗುರುತಿಸಿದ ವಿದ್ಯಾರ್ಥಿಗಳು ಕೈಚೆಲ್ಲಿ ಕೂತಿರಲಿಲ್ಲ. ನಾಗರಿಕ ಹಕ್ಕುಗಳ ಹೋರಾಟಕ್ಕೆ ಹೆಚ್ಚು ಸಿದ್ಧರಾಗಿದ್ದವರು ಅವರೇ. ತಮ್ಮವರಿಗೆ ಅಲ್ಲಿಯವರೆಗೆ ಮುಚ್ಚಿದ್ದ ಉದ್ಯೋಗಗಳ ಮೇಲೆ ಕಣ್ಣಿಟ್ಟವರೂ ಅವರೇ.

ಇಂದಿನ ಚಿಂತನೆಯ ತಿರುಳು ಇದು, ನೆನಪಿಡಿ: *ಈ ಕಷ್ಟಕ್ಕೆ ಕಾರಣ ಯಾರು ಎಂಬುದು ಒಂದು ಪ್ರಶ್ನೆ. ಈಗ ನನ್ನ ಕೈಯಲ್ಲಿ ಏನಿದೆ ಎಂಬುದು ಬೇರೆ ಪ್ರಶ್ನೆ.* ಕರ್ಮದ ಮಾತು ಮೊದಲನೆಯದಕ್ಕೂ ಎರಡನೆಯದಕ್ಕೂ ತಪ್ಪು ಉತ್ತರ ಕೊಡುತ್ತದೆ. ಭಾಷಣಕಾರ ಎರಡನೆಯದಕ್ಕೆ ಅರ್ಧ ಸರಿ ಉತ್ತರ ಕೊಟ್ಟು, ಅದರ ಬಲದಲ್ಲಿ ಮೊದಲನೆಯದನ್ನು ಸುಳ್ಳು ಮಾಡುತ್ತಾನೆ. ಕಾರಣ ಹೊರಗಿದೆ ಎಂದು ತಿಳಿದೂ ಕೈಯನ್ನು ಒಳಗೆ ಹುಡುಕಬಹುದು. ನಮ್ಮ ಮಲೆನಾಡಿನಲ್ಲೇ ಜನ ಹಾಗೆ ಮಾಡಿ ತೋರಿಸಿದ್ದಾರೆ.

*ಕಾಗೋಡಿನ ಕೊಳಗ*

ಸಾಗರ ತಾಲ್ಲೂಕಿನ ಕಾಗೋಡಿನ ಹೆಸರು ಕೇಳದವರು ನಮ್ಮಲ್ಲಿ ಇಲ್ಲ. ಆದರೆ ಅಲ್ಲಿ ಜಗಳ ಯಾವುದರಿಂದ ಶುರುವಾಯಿತು ಎಂಬುದು ಹೊಸ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ. ಒಂದು ಕೊಳಗದಿಂದ.

ಗದ್ದೆ ಉಳುವವರು ಗೇಣಿದಾರರು. ಹೆಚ್ಚಿನವರು ದೀವರು. ಬೆಳೆದ ಭತ್ತದಲ್ಲಿ ಗೇಣಿಯನ್ನು ಜಮೀನ್ದಾರರ ಅಂಗಳದಲ್ಲಿ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗ ಜಮೀನ್ದಾರರದ್ದು. ಅದು ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಅಂದರೆ ಲೆಕ್ಕದಲ್ಲಿ ಒಂದು, ಅಳತೆಯಲ್ಲಿ ಇನ್ನೊಂದು. ಇದು ವರ್ಷ ಎರಡು ವರ್ಷದ ಮಾತಲ್ಲ, ಅಪ್ಪ ಅಜ್ಜಂದಿರ ಕಾಲದಿಂದ ಬಂದದ್ದು. ಮಳೆಯಲ್ಲಿ ಕಂಬಳಿ ಹೊದ್ದು, ಇಂಬಳ ಕಚ್ಚಿಸಿಕೊಂಡು ಬೆಳೆದ ಭತ್ತ ಅಳತೆಯಲ್ಲಿ ಕರಗುತ್ತಿತ್ತು. ಮನೆಯಲ್ಲಿ ಭತ್ತ ಮಳೆಗಾಲಕ್ಕೆ ಮುಂಚೆ ಮುಗಿದರೆ, ನಮ್ಮ ಹಣೆಬರಹ ಅನ್ನುವುದು ಎಷ್ಟು ಸುಲಭ! ಇನ್ನೂ ಸ್ವಲ್ಪ ಕಷ್ಟಪಟ್ಟು ದುಡಿ, ಎಲ್ಲ ನಿನ್ನ ಕೈಯಲ್ಲೇ ಇದೆ ಅನ್ನುವುದೂ ಅಷ್ಟೇ ಸುಲಭ. ಆದರೆ ಕೊಳಗ ದೊಡ್ಡದಾಗಿದ್ದಾಗ ನೀನು ಎಷ್ಟು ಹೆಚ್ಚು ಬೆಳೆದರೂ ಅಷ್ಟೂ ಕೊಳಗಕ್ಕೇ ಹೋಗುತ್ತದೆ.

ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟು ಮಾಡಿ ರೈತ ಸಂಘ ಕಟ್ಟಿದರು. ಆ ಜನ ಮೊದಲು ಮಾಡಿದ್ದು ಕಣ್ಣು ತೆರೆದು ನೋಡುವ ಕೆಲಸ: ಬಡತನ ಹಣೆಯ ಮೇಲೆ ಬರೆದಿಲ್ಲ, ಅಂಗಳದಲ್ಲಿ ಇದೆ, ಅದಕ್ಕೆ ಒಂದು ಆಕಾರ ಇದೆ, ಅದನ್ನು ಬೇರೆ ಕೊಳಗದ ಪಕ್ಕ ಇಟ್ಟು ಹೋಲಿಸಬಹುದು. ಸಮುದಯ ಸತ್ಯ ಎಂದು ನಾವು ಪಾಠ ಮಾಡುತ್ತೇವಲ್ಲ, ದುಃಖಕ್ಕೆ ಕಾರಣ ಉಂಟು ಎಂಬ ಎರಡನೆಯ ಆರ್ಯಸತ್ಯ, ಅದನ್ನು ಕಾಗೋಡಿನ ಗೇಣಿದಾರರು ಬೌದ್ಧ ಗ್ರಂಥ ಓದದೆಯೇ ಕಂಡುಕೊಂಡರು.

ನ್ಯಾಯದ ಅಳತೆ ಕೇಳಿದ್ದಕ್ಕೆ ಭೂಮಿಯಿಂದಲೇ ಹೊರಹಾಕಲಾಯಿತು. 1951ರ ಏಪ್ರಿಲ್ 18ರಿಂದ ಸತ್ಯಾಗ್ರಹ ಆರಂಭವಾಯಿತು. ತಂಡ ತಂಡವಾಗಿ ಜನ ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿಗಳು ಜೊತೆಗೂಡಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಈ ಹೋರಾಟದಲ್ಲಿ ನಿಂತು, 1952ರ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದರು. ಉಳುವವನೇ ಹೊಲದೊಡೆಯ ಎಂಬ ಕೂಗು 1974ರಲ್ಲಿ, ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿಯಲ್ಲಿ ಕಾನೂನಾಯಿತು. ಗದ್ದೆಗೆ ಇಳಿದ ದಿನದಿಂದ 23 ವರ್ಷ.

ಇಲ್ಲಿ ನಮ್ಮ ಮನೆಯ ಮಾತನ್ನೂ ಹೇಳಬೇಕು. ಆ ಕಾನೂನಿನಿಂದ ಭೂಮಿ ಸಿಕ್ಕಿದ್ದು ಗೇಣಿ ಮಾಡುತ್ತಿದ್ದವರಿಗೆ. ಗೇಣಿಗೂ ಭೂಮಿ ಸಿಗದೆ ಕೂಲಿ, ಜೀತದಲ್ಲಿದ್ದ ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ಅರ್ಜಿ ಹಾಕಲು ಒಂದು ಹಿಡಿ ಗದ್ದೆಯೂ ಇರಲಿಲ್ಲ. ಶರಾವತಿಗೆ ಅಣೆಕಟ್ಟು ಕಟ್ಟಿ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದಾಗಲೂ ಹೀಗೆಯೇ. ಪಹಣಿ ನೋಡಿ ಪರಿಹಾರ ಕೊಡುವ ಲೆಕ್ಕದಲ್ಲಿ ಪಹಣಿಯೇ ಇಲ್ಲದವನು ಎಲ್ಲಿ ಬರುತ್ತಾನೆ? ಇದನ್ನು ಕಹಿಗಾಗಿ ಹೇಳುತ್ತಿಲ್ಲ. ಕಾರಣ ಯಾರು ಎಂಬ ಪ್ರಶ್ನೆಯನ್ನು ಅರ್ಧಕ್ಕೆ ನಿಲ್ಲಿಸಬಾರದು ಎಂಬುದಕ್ಕಾಗಿ ಹೇಳುತ್ತಿದ್ದೇವೆ. ಒಂದು ಕೊಳಗ ಸರಿಯಾದ ಮೇಲೂ ಇನ್ನೊಂದು ಕೊಳಗ ಉಳಿದಿರುತ್ತದೆ.

*ಹರಕೆಯ ದಾರಿ*

ಕೈಯಲ್ಲಿ ಏನೂ ಇಲ್ಲದಾಗ ಮನುಷ್ಯ ಸುಮ್ಮನಿರಲಾರ. ಹಿಡಿತ ಸಿಗುವ ಹಾಗೆ ಕಾಣುವ ಯಾವುದನ್ನಾದರೂ ಹಿಡಿಯುತ್ತಾನೆ. ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹೆಣ್ಣುಮಕ್ಕಳು ಬೆತ್ತಲೆ ಸೇವೆಯ ಹರಕೆ ಹೊತ್ತದ್ದು ಯಾಕೆ? ಮಗುವಿನ ಕಾಯಿಲೆಗೆ ಆಸ್ಪತ್ರೆ ದೂರ, ಗಂಡನ ಕುಡಿತಕ್ಕೆ ಮದ್ದಿಲ್ಲ, ಮನೆಯ ಬಡತನಕ್ಕೆ ಕೊನೆಯಿಲ್ಲ. ಕೊಡಲು ಬೇರೇನೂ ಇಲ್ಲದವಳು ತನ್ನ ಮಾನವನ್ನೇ ಕೊಟ್ಟು ಸ್ವಲ್ಪ ಹಿಡಿತ ಕೊಳ್ಳಲು ನೋಡಿದಳು. ಅವಳನ್ನು ಮೂಢಳು ಎಂದು ನಗುವವರು ಅವಳ ಕಷ್ಟ ಕಂಡವರಲ್ಲ.

1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಅಲ್ಲಿಗೆ ಹೋಗಿ ಇದನ್ನು ತಡೆಯಲು ನಿಂತಾಗ ಅವರ ಮೇಲೆ ಹಲ್ಲೆಯಾಯಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಾವು 22 ಪ್ರತಿಜ್ಞೆ ಸ್ವೀಕರಿಸಿ ಹರಕೆ ಬಿಟ್ಟವರು. ಆದರೆ ಹರಕೆಯ ಜಾಗ ಖಾಲಿ ಬಿಟ್ಟರೆ ಅಲ್ಲಿಗೆ ಇನ್ನೊಂದು ಬರುತ್ತದೆ. ಆ ಹುಡುಗನ ಮೊಬೈಲಿನಲ್ಲಿರುವ ಭಾಷಣವೂ ಒಂದು ಹೊಸ ಹರಕೆಯೇ. ಬೆಳಿಗ್ಗೆ ಕನ್ನಡಿಯ ಮುಂದೆ ನಾನು ಗೆಲ್ಲುತ್ತೇನೆ ಎಂದು ಹೇಳಿಕೋ, ಎಲ್ಲ ಬದಲಾಗುತ್ತದೆ. ಬದಲಾಗದೆ ಇದ್ದರೆ? ನಿನ್ನ ನಂಬಿಕೆಯಲ್ಲೇ ಕೊರತೆ. ಹರಕೆ ಫಲಿಸದಿದ್ದಾಗ ಪೂಜಾರಿ ಹೇಳುತ್ತಿದ್ದದ್ದೂ ಇದನ್ನೇ.

*ಒಬ್ಬನೇ ಹೊತ್ತರೆ*

ಇನ್ನೊಂದು ಅಪಾಯ ಉಂಟು. ಛಲ ಇರುವವರಿಗೆ ಬರುವ ಅಪಾಯ. ಅಮೆರಿಕದ ಆರೋಗ್ಯ ಸಂಶೋಧಕ ಶೆರ್ಮನ್ ಜೇಮ್ಸ್ ನಾರ್ತ್ ಕೆರೊಲಿನಾದಲ್ಲಿ ಒಬ್ಬ ಹಿರಿಯ ಕಪ್ಪು ರೈತನನ್ನು ಭೇಟಿಯಾದರು. ಬೇರೆಯವರ ನೆಲವನ್ನು ಪಾಲಿಗೆ ಉಳುವ ಮನೆತನದಲ್ಲಿ ಹುಟ್ಟಿದವ, ನಮ್ಮ ಗೇಣಿದಾರರಂತೆ. ಶಾಲೆ ಹೆಚ್ಚು ಕಂಡವನಲ್ಲ. ಹಗಲುರಾತ್ರಿ ದುಡಿದು, ಸಾಲ ತೀರಿಸಿ, 40ರ ವಯಸ್ಸಿಗೆ 75 ಎಕರೆಯ ಒಡೆಯನಾದ. ಭಾಷಣಕಾರರು ಕಥೆ ಇಲ್ಲಿಗೆ ನಿಲ್ಲಿಸುತ್ತಾರೆ. ಜೇಮ್ಸ್ ನಿಲ್ಲಿಸಲಿಲ್ಲ. ಅರವತ್ತು ತುಂಬುವುದರೊಳಗೆ ಆ ರೈತನಿಗೆ ರಕ್ತದೊತ್ತಡ, ಸಂಧಿವಾತ, ಹೊಟ್ಟೆಯ ಹುಣ್ಣು. ಅವನ ಹೆಸರು ಅಲ್ಲಿಯ ಜನಪದ ವೀರ ಜಾನ್ ಹೆನ್ರಿಯನ್ನು ನೆನಪಿಸುವಂತಿತ್ತು. ಆ ವೀರ ಸುತ್ತಿಗೆ ಹಿಡಿದು ಯಂತ್ರದ ಜೊತೆ ಪಂದ್ಯ ಕಟ್ಟಿ ಗೆದ್ದ, ಗೆದ್ದ ಕೂಡಲೇ ಸತ್ತ.

1983ರಲ್ಲಿ ಜೇಮ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಛಲ ಬಹಳ ಇದ್ದು ಓದಿನ ಬಲ ಕಡಿಮೆ ಇದ್ದ ಕಪ್ಪು ಗಂಡಸರಲ್ಲಿ ರಕ್ತದೊತ್ತಡ ಹೆಚ್ಚು ಕಂಡಿತು. ಆಧಾರವಿಲ್ಲದ ಛಲ ಮೈಯನ್ನು ತಿನ್ನುತ್ತದೆ. ನಮ್ಮ ಮನೆಗಳಲ್ಲಿ ಮೊದಲು ಓದಿದ ಮಗ, ಮೊದಲು ನೌಕರಿ ಹಿಡಿದ ಮಗಳು ಇಡೀ ಕುಟುಂಬವನ್ನು ಒಂದೇ ಹೆಗಲ ಮೇಲೆ ಹೊತ್ತು, ಯಾರಿಗೂ ಹೇಳದೆ ಹಲ್ಲು ಕಚ್ಚಿ ನಡೆಯುತ್ತಾರೆ. ಎಷ್ಟು ಗಟ್ಟಿ ಎಂದು ನಾವು ಹೊಗಳುತ್ತೇವೆ. ಹೊಗಳುವ ಮೊದಲು ಕೇಳಬೇಕಾದದ್ದು, ಒಂದು ಕಡೆ ನಾನು ಹಿಡಿಯಲೇ ಎಂದು.

ಪರಿನಿಬ್ಬಾಣಕ್ಕೆ ಮುಂಚೆ ಬುದ್ಧರು ಆನಂದರಿಗೆ ನಿಮಗೆ ನೀವೇ ಆಸರೆಯಾಗಿ ಎಂದು ಹೇಳಿದ್ದನ್ನು ಭಾಷಣಕಾರರೂ ಬಳಸುತ್ತಾರೆ. ಆದರೆ ಅಲ್ಲಿಯೇ ಧಮ್ಮವನ್ನು ಆಸರೆಯಾಗಿ ಹಿಡಿಯಲು ಹೇಳಿದ್ದನ್ನು ಅವರು ಬಿಟ್ಟುಬಿಡುತ್ತಾರೆ. ಕಲ್ಯಾಣ ಮಿತ್ರರ ಸಂಗ ಧಮ್ಮಜೀವನದ ಅರ್ಧ ಭಾಗ ಎಂದು ಆನಂದರು ಹೇಳಿದಾಗ, ಅರ್ಧವಲ್ಲ, ಪೂರ್ತಿ ಅದೇ ಎಂದು ಬುದ್ಧರು ತಿದ್ದಿದ್ದನ್ನೂ ಬಿಟ್ಟುಬಿಡುತ್ತಾರೆ. ನಾವು ದಿನವೂ ಹೇಳುವ ಮೂರು ಶರಣಗಳಲ್ಲಿ ಮೂರನೆಯದು ಸಂಘ.

*ಎರಡು ಬಾಣ*

ಸಲ್ಲತ್ಥ ಸುತ್ತದ ಎರಡು ಬಾಣದ ಉಪಮೆ ನಿಮಗೆಲ್ಲ ಗೊತ್ತು. ಮೊದಲ ಬಾಣ ಮೈಗೆ ತಗಲುತ್ತದೆ. ಅದರ ಹಿಂದೆಯೇ ಅಳು, ಹಳಹಳಿಕೆ, ನಾನು ಯಾತಕ್ಕೂ ಬಾರದವನು ಎಂಬ ಕೊರಗು ಎರಡನೆಯ ಬಾಣವಾಗಿ ಮನಸ್ಸಿಗೆ ತಗಲುತ್ತದೆ. ತಿಳಿದವನು ಎರಡನೆಯದನ್ನು ತಗಲಿಸಿಕೊಳ್ಳುವುದಿಲ್ಲ.

ಈ ಉಪಮೆಯನ್ನು ನಮಗೆ ಹೇಳುವಾಗ ಒಂದು ಎಚ್ಚರ ಬೇಕು. ಎರಡನೆಯ ಬಾಣ ಬೇಡ ಎಂದರೆ ಮೊದಲನೆಯ ಬಾಣ ಬಿಟ್ಟವನನ್ನು ಸುಮ್ಮನೆ ಬಿಡು ಎಂದಲ್ಲ. ಸಂದರ್ಶನದಲ್ಲಿ ಕೇರಿ ವಿಚಾರಿಸಿದ್ದು ಮೊದಲ ಬಾಣ. ನಾನು ಯೋಗ್ಯನಲ್ಲ ಎಂದು ಹುಡುಗ ನಂಬಿದ್ದು ಎರಡನೆಯದು. ಎರಡನೆಯದನ್ನು ಕಿತ್ತರೆ ಮಾತ್ರ ಮೊದಲನೆಯದು ಎಲ್ಲಿಂದ ಬಂತು ಎಂದು ತಲೆಯೆತ್ತಿ ನೋಡಲು ಸಾಧ್ಯ.

*ಇಂದಿನ ಅಭ್ಯಾಸ*

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮನ್ನು ಈಗ ಕಾಡುತ್ತಿರುವ ಒಂದು ಕಷ್ಟವನ್ನು ಮೇಲೆ ಬರೆಯಿರಿ. ಅದರ ಕೆಳಗೆ, ಇದಕ್ಕೆ ಕಾರಣಗಳು ಏನು ಎಂದು ಬರೆಯಿರಿ. ಸೀವಕನಿಗೆ ಬುದ್ಧರು ಎಣಿಸಿದಂತೆ ಒಂದೊಂದಾಗಿ, ಪ್ರಾಮಾಣಿಕವಾಗಿ. ನಿಮ್ಮ ತಪ್ಪಿದ್ದರೆ ಅದನ್ನೂ ಬರೆಯಿರಿ, ಇಲ್ಲದ ತಪ್ಪನ್ನು ಬರೆಯಬೇಡಿ.

ಆಮೇಲೆ ಮೂರು ಪಟ್ಟಿ ಮಾಡಿ.

1. ನನ್ನ ಕೈಯಲ್ಲಿರುವುದು
2. ನಾವು ಸೇರಿದರೆ ನಮ್ಮ ಕೈಗೆ ಬರುವುದು
3. ಇಂದು ಯಾರ ಕೈಯಲ್ಲೂ ಇಲ್ಲದ್ದು

ಆ ತಾಯಿಯ ಒಪ್ಪಿಗೆ ಪಡೆದು ನಮ್ಮ ಬಳಗದ ಇಬ್ಬರು ಬುಧವಾರ ಸಂಜೆ ಅವರ ಮನೆಗೆ ಹೋಗಿದ್ದರು. ಬುದ್ಧಿ ಹೇಳಲು ಹೋಗಲಿಲ್ಲ. ಹುಡುಗನ ಹತ್ತಿರ ಕೂತು ಈ ಹಾಳೆ ಬರೆದರು. ಮೊದಲ ಪಟ್ಟಿಯಲ್ಲಿ ಅವನು ಬರೆದದ್ದು ಎರಡೇ: ಬೆಳಿಗ್ಗೆ ಎದ್ದು ಕೆರೆಯವರೆಗೆ ನಡೆಯುವುದು, ಮತ್ತೆ ಎರಡು ಕಡೆ ಅರ್ಜಿ ಹಾಕುವುದು. ಎರಡನೆಯ ಪಟ್ಟಿ ಉದ್ದವಾಯಿತು. ಮುಂದಿನ ಸಂದರ್ಶನಕ್ಕೆ ಜೊತೆಗೆ ಒಬ್ಬರು ಹೋಗುವುದು. ಹಿಂದಿನ ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳನ್ನು ದಿನಾಂಕದ ಸಮೇತ ಬರೆದಿಟ್ಟು ತಿಳಿದ ವಕೀಲರಿಗೆ ತೋರಿಸುವುದು. ನೌಕರಿಯಲ್ಲಿರುವ ನಮ್ಮವರು ತಿಂಗಳಿಗೆ ಒಂದು ಭಾನುವಾರ ಹುಡುಗರಿಗೆ ಸಂದರ್ಶನದ ತಯಾರಿ ಮಾಡಿಸುವುದು. ಮೂರನೆಯ ಪಟ್ಟಿಯಲ್ಲಿ ಅವನು ಬರೆದದ್ದು ಒಂದೇ ಸಾಲು: ಮೇಜಿನ ಆಚೆ ಇರುವವರ ಮನಸ್ಸು.

ಅವನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಸಿಕ್ಕೇ ಸಿಗುತ್ತದೆ ಎಂದು ನಾವು ಮಾತು ಕೊಟ್ಟಿಲ್ಲ, ಕೊಡಬಾರದು. ಗುರುವಾರ ಬೆಳಿಗ್ಗೆ ಕೆರೆಯವರೆಗೆ ಹೋಗಿ ಬಂದ ಎಂದು ತಾಯಿ ಫೋನ್ ಮಾಡಿದ್ದರು.

ಮೂರನೆಯ ಪಟ್ಟಿಯ ಬಗ್ಗೆ ಒಂದು ಮಾತು. ಅದನ್ನು ಕಲ್ಲಿನಲ್ಲಿ ಕೊರೆಯಬೇಡಿ, ಪೆನ್ಸಿಲಿನಲ್ಲಿ ಬರೆಯಿರಿ. 1927ಕ್ಕೆ ಮುಂಚೆ ಚೌದಾರ್ ಕೆರೆಯ ನೀರು ಮೂರನೆಯ ಪಟ್ಟಿಯಲ್ಲಿತ್ತು. 1951ಕ್ಕೆ ಮುಂಚೆ ಕಾಗೋಡಿನ ಕೊಳಗ ಮೂರನೆಯ ಪಟ್ಟಿಯಲ್ಲಿತ್ತು. ಯಾರೋ ಅದನ್ನು ಅಳಿಸಿ ಎರಡನೆಯ ಪಟ್ಟಿಗೆ ಬರೆದರು.

*ಭಾನುವಾರದ ಚರ್ಚೆಗೆ*

▪️ ನಿಮ್ಮ ಮನೆಯಲ್ಲಿ ಹಣೆಬರಹ ಎಂದು ಸುಮ್ಮನಾದ ಯಾವ ಕಷ್ಟಕ್ಕೆ ನಿಜವಾಗಿ ಒಂದು ಕೊಳಗ ಇತ್ತು?
▪️ ನಿಮ್ಮ ಬಳಗದಲ್ಲಿ ಹಲ್ಲು ಕಚ್ಚಿ ಒಬ್ಬರೇ ಹೊರುತ್ತಿರುವವರು ಯಾರು? ಈ ವಾರ ಅವರನ್ನು ಹೋಗಿ ಕಂಡಿರಾ?

ಹಾಳೆಗಳನ್ನು ತನ್ನಿ. ಓದಲು ಸಂಕೋಚ ಇದ್ದರೆ ಓದಬೇಕಿಲ್ಲ, ತಂದರೆ ಸಾಕು.

ಎಲ್ಲರಿಗೂ ಮಂಗಳವಾಗಲಿ.

*ನಮೋ ಬುದ್ಧಾಯ. ಜೈ ಭೀಮ್.* 🙏